ಫಿಲ್ಮ್ ಕ್ಯಾಮೆರಾಕ್ಕೆ ದೂರದ ಫ್ಲಾಶ್: ವೈರಾ, ಸ್ಲೇವಾ, ರೇಡಿಯೋನಾ?

ಮೊದಲೇ ಹೇಳಿಬಿಡುತ್ತೇನೆ, ಕ್ಯಾಮೆರಾದಿಂದ ದೂರ ಇಟ್ಟ ಫ್ಲಾಶನ್ನು ಹೊಡೆಸೋಕೆ ನನ್ನ ಓಟು ಸಾದಾ ರೇಡಿಯೋ ಟ್ರಿಗರ್‌ಗೆ, ಅಂದ್ರೆ ವೈರಿಲ್ಲದೆ ಸಿಗ್ನಲ್ ದಾಟಿಸುವ ಎರಡು ಪುಟ್ಟ ಡಬ್ಬಿಗಳ ಜೋಡಿಗೆ. ಪರದೆ ಇಲ್ಲ, ಮೆನು ಇಲ್ಲ, ಟಿಟಿಎಲ್ (ಲೆನ್ಸಿನೊಳಗೆ ಬಂದ ಬೆಳಕನ್ನು ಕ್ಯಾಮೆರಾವೇ ಅಳೆದು ಫ್ಲಾಶನ್ನು ಹೊಂದಿಸುವ ಏರ್ಪಾಡು) ಇಲ್ಲ. ಆನ್ ಮಾಡೋಕೆ ಒಂದು ಸ್ವಿಚ್, ಚಾನೆಲ್ ಬದಲಿಸೋಕೆ ಚಿಕ್ಕ ಗುಂಡಿಗಳು, ಅಡಿಯಲ್ಲಿ ಒಂದೇ ಒಂದು ಪಿನ್. ಇಂಥ ಒಂದು ಜೋಡಿ ತಂದ ಮೇಲೆ ನನ್ನ ಫ್ಲಾಶ್ ತಲೆನೋವು ಮುಕ್ಕಾಲು ಪಾಲು ಇಳಿಯಿತು. ಅದಕ್ಕೂ ಮುಂಚೆ ಉದ್ದನೆಯ ಪಿಸಿ ವೈರ್ (ಕಂಪ್ಯೂಟರಿನದಲ್ಲ, ಕ್ಯಾಮೆರಾದ ಪಿಸಿ ಸಾಕೆಟ್ಟಿನಿಂದ ಫ್ಲಾಶಿಗೆ ಎಳೆಯುವ ವೈರ್), ಆಪ್ಟಿಕಲ್ ಸ್ಲೇವ್ (ಇನ್ನೊಂದು ಫ್ಲಾಶಿನ ಬೆಳಕು ಕಂಡು ತನ್ನ ಫ್ಲಾಶನ್ನು ಹೊಡೆಸುವ ಕಣ್ಣು), ದುಬಾರಿ ಡಿಜಿಟಲ್ ಟ್ರಿಗರ್ ಎಲ್ಲವನ್ನೂ ಬಳಸಿ ನೋಡಿದ್ದೇನೆ.

ನನ್ನ ಹತ್ತಿರ ಇರೋದು ಎರಡು ಕ್ಯಾಮೆರಾ. ಒಂದು ಪೆಂಟಾಕ್ಸ್ ಕೆ1000. ಅದರ ತಲೆ ಮೇಲೆ ಹಾಟ್ ಶೂ, ಅಂದ್ರೆ ಫ್ಲಾಶ್ ಸಿಕ್ಕಿಸುವ ಜಾಗ ಇದೆ. ಫ್ಲಾಶ್ ಸಿಂಕ್ ವೇಗ 1/60 ಸೆಕೆಂಡ್, ಶಟರ್ ಅದಕ್ಕಿಂತ ಜೋರಾದರೆ ಫ್ಲಾಶ್ ಇಡೀ ಫ್ರೇಮಿಗೆ ಬೀಳುವುದಿಲ್ಲ. ಇನ್ನೊಂದು ಹಳೆಯ ಟ್ವಿನ್ ಲೆನ್ಸ್, ನೋಡೋಕೊಂದು ತೆಗೆಯೋಕೊಂದು ಅಂತ ಎರಡು ಲೆನ್ಸ್ ಇರುವ ಕ್ಯಾಮೆರಾ. ಅದಕ್ಕೆ ಹಾಟ್ ಶೂ ಇಲ್ಲವೇ ಇಲ್ಲ, ಪಿಸಿ ಸಾಕೆಟ್ ಒಂದೇ ಗತಿ. ಆದರೆ ಲೆನ್ಸ್ ಒಳಗೇ ಎಸಳುಗಳ ಹಾಗೆ ತೆರೆಯುವ ಲೀಫ್ ಶಟರ್ ಇರುವುದರಿಂದ 1/500ರಲ್ಲೂ ಫ್ಲಾಶ್ ಕೆಲಸ ಮಾಡುತ್ತದೆ. ನಾನು ತೆಗೆಯೋದು ಹೆಚ್ಚಾಗಿ ಮನೆಯೊಳಗೆ ಜನರ ಮುಖಗಳು. ಪಕ್ಕದಲ್ಲಿ ಸಹಾಯಕ್ಕೆ ಯಾರೂ ಇರುವುದಿಲ್ಲ. ಮುಂದೆ ಹೇಳುವುದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಇಂಥ ಕ್ಯಾಮೆರಾ ಫ್ಲಾಶ್‌ಗಾಗಿ ಮಾಡುವ ಕೆಲಸ ಬಹಳ ಸರಳ. ಶಟರ್ ಪೂರ್ತಿ ತೆರೆದ ಗಳಿಗೆಯಲ್ಲಿ ಒಳಗಿನ ಎರಡು ತಗಡುಗಳು ಒಂದನ್ನೊಂದು ಮುಟ್ಟುತ್ತವೆ. ಅಷ್ಟೇ. ಪವರ್ ಎಷ್ಟು, ಐಎಸ್‌ಒ ಎಷ್ಟು, ಅಪರ್ಚರ್ ಎಷ್ಟು ಅಂತ ಅದು ಫ್ಲಾಶ್‌ಗೆ ಏನೂ ಹೇಳುವುದಿಲ್ಲ. ಆ ಒಂದು ಮುಟ್ಟುವಿಕೆಯನ್ನು ದೂರದ ಲೈಟಿನವರೆಗೆ ಹೇಗೆ ತಲುಪಿಸೋದು ಅನ್ನೋದೇ ಇಲ್ಲಿನ ಪ್ರಶ್ನೆ.

ಪಿಸಿ ವೈರ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕಂದ್ರೆ ನನ್ನ ಸಿಟ್ಟೆಲ್ಲ ಅಲ್ಲೇ ಇದೆ. ನೋಡೋಕೆ ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ತುದಿ ಸ್ಟುಡಿಯೋ ಲೈಟಿಗೆ (ಅದೂ ಒಂದು ದೊಡ್ಡ ಫ್ಲಾಶೇ). ಲೈಟಿನ ಕಡೆ ಸಾಮಾನ್ಯವಾಗಿ 3.5 ಅಥವಾ 6.35 ಮಿಲಿಮೀಟರ್ ಜಾಕ್ ಇರುತ್ತದೆ, ಅದು ಗಟ್ಟಿಯಾಗಿ ಕೂರುತ್ತದೆ. ಬ್ಯಾಟರಿ ಬೇಡ, ಚಾನೆಲ್ ಬೇಡ, ಸಿಗ್ನಲ್ ತಡವಾಗುವ ಮಾತೇ ಇಲ್ಲ. ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಇಷ್ಟೆಲ್ಲ ಇದ್ದೂ ಕ್ಯಾಮೆರಾ ಕಡೆಯ ತುದಿ ಇಡೀ ಕೆಲಸ ಕೆಡಿಸುತ್ತದೆ.

ಆ ಪಿಸಿ ಪ್ಲಗ್ಗಿನ ತುದಿಯನ್ನು ಹತ್ತಿರದಿಂದ ನೋಡಿ. ತೆಳು ತಗಡಿನ ಒಂದು ಪುಟ್ಟ ಕೊಳವೆ, ಅದರ ಮಧ್ಯೆ ಒಂದು ಪಿನ್. ಸಾಕೆಟ್ಟಿಗೆ ಒತ್ತಿದರೆ ಬರೀ ಬಿಗಿತದ ಮೇಲೆ ನಿಲ್ಲುತ್ತದೆ. ಕೊಕ್ಕೆ ಇಲ್ಲ, ತಿರುಪು ಇಲ್ಲ. ಹತ್ತಾರು ಸಲ ಹಾಕಿ ತೆಗೆದರೆ ಕೊಳವೆಯ ಆಕಾರ ಕೆಡುತ್ತದೆ, ಹಿಡಿತ ಸಡಿಲವಾಗುತ್ತದೆ. ಆಮೇಲೆ ಶುರುವಾಗುವುದು ಅಸಲಿ ಕಾಟ. ಪ್ಲಗ್ ಪೂರ್ತಿ ಬಿದ್ದುಹೋದರೆ ಕಣ್ಣಿಗೆ ಕಾಣುತ್ತದೆ, ಮತ್ತೆ ಸಿಕ್ಕಿಸಬಹುದು. ಅದು ಹಾಗೆ ಮಾಡುವುದಿಲ್ಲ. ಅರ್ಧ ಆಚೆ ಬಂದು ಹಾಗೇ ನೇತಾಡುತ್ತಿರುತ್ತದೆ. ಒಂದು ಫ್ರೇಮಿಗೆ ಫ್ಲಾಶ್ ಹೊಡೆಯುತ್ತದೆ, ಮುಂದಿನದಕ್ಕೆ ಹೊಡೆಯುವುದಿಲ್ಲ. ಕೈ ಸ್ವಲ್ಪ ಅಲ್ಲಾಡಿದರೆ ಕ್ಯಾಮೆರಾ ಒತ್ತದೇನೇ ತಾನಾಗಿ ಹೊಡೆಯುತ್ತದೆ!

ಕೆ1000ರ ಹಾಗೆ ಒಳಗೆ ಕನ್ನಡಿ ಇರುವ ಎಸ್‌ಎಲ್‌ಆರ್ ಆದರೆ ಇನ್ನೂ ಒಂದು ತೊಡಕು. ಬಟನ್ ಒತ್ತಿದಾಗ ಕನ್ನಡಿ ಮೇಲೆ ಹೋಗಿರುತ್ತದೆ, ವ್ಯೂಫೈಂಡರ್ ಕತ್ತಲೆ. ಫ್ಲಾಶ್ ಬಿತ್ತಾ ಇಲ್ಲವಾ ಅಂತ ಆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಡಿಜಿಟಲ್ ಆಗಿದ್ದರೆ ಹಿಂದಿನ ಪರದೆ ನೋಡಿ ತಕ್ಷಣ ತಿಳಿಯಬಹುದು. ಇಲ್ಲಿ ರೀಲು ತೊಳೆಸಿ ತರುವವರೆಗೂ ಕಾಯಬೇಕು. ತಂದು ನೋಡಿದರೆ ನೆಗೆಟಿವ್ ನಡುನಡುವೆ ಖಾಲಿ. ಚೆನ್ನಾಗಿ ನಕ್ಕ ಫ್ರೇಮೇ ಖಾಲಿ ಇರುತ್ತದೆ, ಅದ್ಯಾವ ಶಾಪವೋ.

ಇದಕ್ಕೆ ನಾನು ಕಂಡುಕೊಂಡ ಉಪಾಯಗಳು ಕೆಲವು. ವೈರನ್ನು ಪ್ಲಗ್ಗಿನ ಹತ್ತಿರವೇ ಒಂದು ಸುತ್ತು ಸುತ್ತಿ, ಕ್ಯಾಮೆರಾ ಪಟ್ಟಿಯ ಕೊಂಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತೇನೆ. ಯಾರಾದರೂ ವೈರ್ ಎಡವಿದರೆ ಎಳೆತ ಕೊಂಡಿಗೆ ಬೀಳುತ್ತದೆ, ಪ್ಲಗ್ಗಿಗೆ ಅಲ್ಲ. ಸ್ಟುಡಿಯೋ ಲೈಟಿನ ಬೀಪ್ ಸದ್ದನ್ನು ಯಾವತ್ತೂ ಆಫ್ ಮಾಡುವುದಿಲ್ಲ. ಫ್ಲಾಶ್ ಹೊಡೆದು ಮತ್ತೆ ಚಾರ್ಜ್ ಆದಾಗ ಅದು ಬೀಪ್ ಅನ್ನುತ್ತದೆ. ಕ್ಲಿಕ್ ಆದ ಮೇಲೆ ಬೀಪ್ ಕೇಳಿಸಲಿಲ್ಲ ಅಂದ್ರೆ ಆ ಫ್ರೇಮ್ ಹೋಯಿತು ಅಂತಲೇ ಲೆಕ್ಕ, ಇನ್ನೊಂದು ತೆಗೆಯುತ್ತೇನೆ. ಸಡಿಲಾದ ಪ್ಲಗ್ಗಿನ ತುದಿಯನ್ನು ಮತ್ತೆ ಬಿಗಿ ಮಾಡಲೆಂದೇ ಒಂದು ಪುಟ್ಟ ಸಾಧನ ಮಾರುತ್ತಾರೆ. ಅಷ್ಟು ಹಳೆಯ ರೋಗ ಇದು. ನಿಕಾನ್ ಎಫ್‌ಎಂ2 ಥರದ ಕ್ಯಾಮೆರಾಗಳಲ್ಲಿ ಸಾಕೆಟ್ ಸುತ್ತ ಥ್ರೆಡ್ ಇದೆ. ಅದಕ್ಕೆ ತಕ್ಕ ವೈರ್ ಸಿಕ್ಕರೆ ತಿರುಗಿಸಿ ಬಿಗಿ ಮಾಡಬಹುದು. ಅದಿದ್ದವರು ಪುಣ್ಯವಂತರು.

ಸಾಕೆಟ್ ವಿಚಾರದಲ್ಲೇ ಇನ್ನೊಂದು ಮಾತು. ಹಳೆಯ ಲೀಫ್ ಶಟರ್‌ಗಳ ಮೇಲೆ ಎಕ್ಸ್, ಎಂ ಎರಡರ ನಡುವೆ ಸರಿಸುವ ಒಂದು ಚಿಕ್ಕ ಸನ್ನೆ (ಲಿವರ್) ಇರುತ್ತದೆ. ಎಕ್ಸ್ ಇರುವುದು ಎಲೆಕ್ಟ್ರಾನಿಕ್ ಫ್ಲಾಶಿಗೆ. ಎಂ ಇರುವುದು ಒಂದೇ ಸಲ ಉರಿದು ಮುಗಿಯುವ ಹಳೆಯ ಫ್ಲಾಶ್ ಬಲ್ಬ್‌ಗಳಿಗೆ. ಬಲ್ಬ್ ಪೂರ್ತಿ ಹೊತ್ತಿಕೊಳ್ಳಲು ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು ಬೇಕು, ಹಾಗಾಗಿ ಶಟರ್ ಆಮೇಲೆ ತೆರೆಯುತ್ತದೆ. ಸನ್ನೆ ಎಂನಲ್ಲಿದ್ದರೆ ಎಲೆಕ್ಟ್ರಾನಿಕ್ ಫ್ಲಾಶ್ ಅಷ್ಟರೊಳಗೆ ಹೊಡೆದು ಮುಗಿದಿರುತ್ತದೆ. ಲೈಟ್ ಕಣ್ಣಿಗೆ ಕಾಣುತ್ತದೆ, ಬೀಪ್ ಕೇಳಿಸುತ್ತದೆ, ಫಿಲ್ಮಿಗೆ ಮಾತ್ರ ಏನೂ ಬೀಳುವುದಿಲ್ಲ. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಲ್ಲಿ ಎಫ್‌ಪಿ (ಇದೂ ಬಲ್ಬಿಗೇ), ಎಕ್ಸ್ ಅಂತ ಎರಡು ಬೇರೆ ಬೇರೆ ಸಾಕೆಟ್. ಒಲಿಂಪಸ್ ಒಎಂ-1ರಲ್ಲಿ ಸಾಕೆಟ್ ಒಂದೇ, ಸುತ್ತ ತಿರುಗುವ ಸ್ವಿಚ್ ಇದೆ. ಯಾವುದೇ ಇರಲಿ, ನಮಗೆ ಬೇಕಾದದ್ದು ಎಕ್ಸ್.

ಇನ್ನು ಆಪ್ಟಿಕಲ್ ಸ್ಲೇವ್. ಕ್ಯಾಮೆರಾ ಮೇಲೆ ಒಂದು ಚಿಕ್ಕ ಫ್ಲಾಶ್ ಹೊಡೆದರೆ ಅದನ್ನು ನೋಡಿ ದೂರದ್ದು ಹೊಡೆಯುತ್ತದೆ. ಸ್ಟುಡಿಯೋ ಲೈಟುಗಳಲ್ಲಿ ಈ ಕಣ್ಣು ಸಾಮಾನ್ಯವಾಗಿ ಕೂರಿಸಿಯೇ ಬರುತ್ತದೆ, ಬೇರೆ ಖರ್ಚಿಲ್ಲ. ನಾಲ್ಕು ಗೋಡೆಯೊಳಗೆ ಇದು ಭಲೇ ನಂಬಿಕಸ್ಥ. ಡಿಜಿಟಲ್ ಕ್ಯಾಮೆರಾದ ಟಿಟಿಎಲ್ ಫ್ಲಾಶ್ ಮೊದಲು ಬೆಳಕು ಅಳೆಯಲು ಒಂದು ಪ್ರೀಫ್ಲಾಶ್ ಬಿಟ್ಟು ಸ್ಲೇವನ್ನು ಗೊಂದಲ ಮಾಡುತ್ತದಲ್ಲ, ಮ್ಯಾನುಯಲ್ ಫಿಲ್ಮ್ ಕ್ಯಾಮೆರಾದಲ್ಲಿ ಆ ರಗಳೆ ಇಲ್ಲ. ಸ್ಲೇವಿನಲ್ಲಿ ಎಸ್1, ಎಸ್2 ಎಂದಿದ್ದರೆ ಮೊದಲ ಮಿಂಚಿಗೇ ಹೊಡೆಯುವ ಎಸ್1 ಇಟ್ಟರೆ ಆಯಿತು.

ತೊಂದರೆ ಏನಂದ್ರೆ ಕ್ಯಾಮೆರಾ ಮೇಲಿನ ಆ ಚಿಕ್ಕ ಫ್ಲಾಶ್ ಮುಖದ ಮೇಲೂ ಬೀಳುತ್ತದೆ. ನಾವು ಲೈಟನ್ನು ಪಕ್ಕಕ್ಕೆ ಒಯ್ದದ್ದೇ ಎದುರು ಬೆಳಕು ಬೇಡ ಅಂತ, ಅಲ್ವಾ? ಅದನ್ನು ಸೂರಿಗೆ ತಿರುಗಿಸಿ ಪವರ್ ತೀರಾ ಇಳಿಸಬಹುದು. ಇಲ್ಲವಾದರೆ ಒಂದು ಹಳೆಯ ಜಾಣತನ ಇದೆ. ಬೆಳಕೇ ಬೀಳದೆ ತೊಳೆಸಿದ ಸ್ಲೈಡ್ ಫಿಲ್ಮಿನ ಕಪ್ಪು ತುಂಡನ್ನು ಫ್ಲಾಶ್ ಮುಂದೆ ಅಂಟಿಸುವುದು. ನಮ್ಮ ಕಣ್ಣಿಗೆ ಅದು ಕಪ್ಪು, ಆದರೆ ಇನ್‌ಫ್ರಾರೆಡ್ ಅದರೊಳಗಿಂದ ದಾಟುತ್ತದೆ. ಸ್ಲೇವ್ ಕಣ್ಣಿಗೆ ಅಷ್ಟು ಸಾಕು. ಇದು ನಿಜಕ್ಕೂ ಕೆಲಸ ಮಾಡುತ್ತದೆ, ನನಗಂತೂ ತುಂಬಾ ಖುಷಿ ಕೊಟ್ಟಿತು. ಬಿಸಿಲಿಗೆ ಹೋದರೆ ಮಾತ್ರ ಸ್ಲೇವ್ ನೆಚ್ಚಿಕೊಳ್ಳಬೇಡಿ. ಜನ ಸೇರಿದ ಕಡೆಯೂ ಬೇಡ, ಪಕ್ಕದವರ ಫ್ಲಾಶಿಗೆಲ್ಲ ನಿಮ್ಮ ಲೈಟ್ ಹೊಡೆಯುತ್ತಾ ಕೂರುತ್ತದೆ.

ದುಬಾರಿ ಡಿಜಿಟಲ್ ಟ್ರಿಗರ್ ನನಗೆ ಆಗಿಬರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಕ್ಯಾಮೆರಾದ ಜೊತೆ ಮಾತಾಡಿದರೆ ಮಾತ್ರ ಎಚ್ಚರ ಇರುವ ಜಾತಿ. ಕೆ1000ರ ಹಾಟ್ ಶೂನಲ್ಲಿ ಇರುವುದು ಒಂದು ಪಿನ್. ಮಾತೂ ಇಲ್ಲ ಕತೆಯೂ ಇಲ್ಲ. ಫೋಕಸ್ ಮಾಡಿ, ಬೆಳಕು ನೋಡಿ, ಎದುರು ಕೂತವರನ್ನು ನಗಿಸುವಷ್ಟರಲ್ಲಿ ಅದು ನಿದ್ದೆ ಹೋಗಿರುತ್ತದೆ. ಪ್ರತಿ ಸಲ ಗುಂಡಿ ಒತ್ತಿ ಎಬ್ಬಿಸಬೇಕು. ಹೈ ಸ್ಪೀಡ್ ಸಿಂಕ್ (ಸಿಂಕ್ ವೇಗ ದಾಟಿಯೂ ಫ್ಲಾಶ್ ಬಳಸುವ ಸೌಕರ್ಯ) ಆಸೆಯನ್ನೂ ಬಿಡಿ, ಅದಕ್ಕೂ ಕ್ಯಾಮೆರಾದ ಸಹಕಾರ ಬೇಕು. ಒಂದೇ ಪಿನ್ನಿಗೆ ಹೊಂದುವ, ನಿದ್ದೆ ಆಫ್ ಮಾಡಬಹುದಾದ ಮಾದರಿಗಳೂ ಇವೆ. ಡಿಜಿಟಲ್ ಕ್ಯಾಮೆರಾವನ್ನೂ ಬಳಸುವವರು ಅಂಥದ್ದನ್ನು ಕೇಳಿ ಕೊಳ್ಳಲಿ. ನನಗೆ ಬೇಡದ ಸೌಕರ್ಯಕ್ಕೆ ದುಡ್ಡು ಯಾಕೆ?

ಟಿಟಿಎಲ್ ಕೇಬಲ್: ಕ್ಯಾಮೆರಾದಲ್ಲಿ ಟಿಟಿಎಲ್ ಇದೆ, ಒಂದೇ ಫ್ಲಾಶ್ ಸಾಕು, ಅದೇ ಕಾಲದ ಫ್ಲಾಶೂ ಇದೆ ಅನ್ನುವವರಿಗೆ ಒಳ್ಳೆಯದು. ಸ್ಟುಡಿಯೋ ಲೈಟಿಗೆ ಉಪಯೋಗವಿಲ್ಲ.

ಈಗ ನನ್ನ ಸಾದಾ ಟ್ರಿಗರ್. ಒಂದನ್ನು ಹಾಟ್ ಶೂಗೆ ಸಿಕ್ಕಿಸು, ಇನ್ನೊಂದನ್ನು, ಅಂದ್ರೆ ರಿಸೀವರನ್ನು, ಲೈಟಿಗೆ ಜೋಡಿಸು, ಮುಗಿಯಿತು. ಮೊದಮೊದಲು ಕೆ1000 ಮೇಲೆ ಆಗೊಮ್ಮೆ ಈಗೊಮ್ಮೆ ಹೊಡೆಯುತ್ತಿರಲಿಲ್ಲ. ನೋಡಿದರೆ ತಪ್ಪು ಟ್ರಿಗರಿನದಲ್ಲ. ಸಿಗ್ನಲ್ ಒಂದು ಕಡೆ ನಡುವಿನ ಪಿನ್ನಿನಿಂದ ಹೋದರೆ ಇನ್ನೊಂದು ಕಡೆ ಶೂ ಅಂಚಿನ ಲೋಹದ ಪಟ್ಟಿಗಳಿಂದ ಹೋಗುತ್ತದೆ. ಇಷ್ಟು ವರ್ಷದ ಕೊಳೆ ಅಲ್ಲಿ ಕೂತಿತ್ತು. ಪೆನ್ಸಿಲ್ ರಬ್ಬರಿನಿಂದ ಪಿನ್ನನ್ನೂ ಪಟ್ಟಿಯ ಒಳಮೈಯನ್ನೂ ಚೆನ್ನಾಗಿ ಉಜ್ಜಿದೆ. ರಬ್ಬರ್ ಪೂರ್ತಿ ಕಪ್ಪಾಯಿತು, ಟ್ರಿಗರ್ ಸರಿಹೋಯಿತು.

ಟ್ವಿನ್ ಲೆನ್ಸಿಗೆ ಹಾಟ್ ಶೂ ಇಲ್ಲವಲ್ಲ, ಅದಕ್ಕೆ ಗೇಣುದ್ದದ ಪಿಸಿ ವೈರ್ ಇರುವ ಒಂದು ಶೂ ಅಡಾಪ್ಟರ್ ತಂದೆ. ಟ್ರಿಗರ್ ಅದರ ಮೇಲೆ ಕೂರುತ್ತದೆ, ಅಡಾಪ್ಟರ್ ಕ್ಯಾಮೆರಾದ ಪಕ್ಕಕ್ಕೆ ಕಟ್ಟಿರುತ್ತದೆ. ಪಿಸಿ ಪ್ಲಗ್ ಇನ್ನೂ ಅದೇ ದರಿದ್ರ ಪ್ಲಗ್ಗೇ. ಆದರೆ ವೈರ್ ಗಿಡ್ಡ, ಕ್ಯಾಮೆರಾ ಜೊತೆಗೇ ತಿರುಗುತ್ತದೆ, ಎಳೆಯುವವರು ಯಾರೂ ಇಲ್ಲ. ನಾನು ಹೆದರದೆ ಕೋಣೆ ತುಂಬ ಓಡಾಡಬಹುದು. ಒಂದೇ ಒಂದು ಕೊರತೆ: ರೇಡಿಯೋ ಸ್ವಲ್ಪ ತಡ ಮಾಡುತ್ತದೆ. 1/60ರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಲೀಫ್ ಶಟರಿನ 1/500ರಲ್ಲಿ ಬೆಳಕಿನ ಒಂದು ಪಾಲು ತಪ್ಪಿಹೋಗುತ್ತದೆ. ನಾನು 1/250ಕ್ಕೆ ಇಳಿಸುತ್ತೇನೆ.

ಹಳೆಯ ಫ್ಲಾಶ್ ಇದ್ದವರು ಒಂದು ಎಚ್ಚರ ವಹಿಸಬೇಕು. ವಿವಿಟಾರ್ 283 ಥರದವುಗಳ ಮೊದಲ ಕಾಲದ ಮಾದರಿಗಳಲ್ಲಿ ಟ್ರಿಗರ್ ವೋಲ್ಟೇಜ್ (ಫ್ಲಾಶಿನ ಪಿನ್ನಿನಲ್ಲಿ ನಿಂತಿರುವ ವೋಲ್ಟೇಜ್) 200 ವೋಲ್ಟ್ ದಾಟುತ್ತದೆ. ಮೆಕಾನಿಕಲ್ ಕ್ಯಾಮೆರಾ ಅದನ್ನು ಹೇಗೋ ತಡೆದುಕೊಳ್ಳಬಹುದು, ರೇಡಿಯೋ ರಿಸೀವರ್ ಸುಟ್ಟುಹೋಗಬಹುದು. ಫ್ಲಾಶ್ ಚಾರ್ಜ್ ಆಗಿ ರೆಡಿ ಲೈಟ್ ಬಂದ ಮೇಲೆ ನಡುವಿನ ಪಿನ್ನಿಗೂ ಪಕ್ಕದ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ನೋಡಿ. ರಿಸೀವರ್ ಎಷ್ಟು ತಡೆಯುತ್ತದೆ ಅನ್ನೋದು ಅದರ ಪುಸ್ತಕದಲ್ಲಿರುತ್ತದೆ.

ಯಾವುದನ್ನೇ ಕೊಂಡರೂ ಫಿಲ್ಮ್ ಹಾಕುವ ಮುಂಚೆ ಹೀಗೆ ಪರೀಕ್ಷೆ ಮಾಡಿ. ಹಿಂದಿನ ಬಾಗಿಲು ತೆಗೆಯಿರಿ. ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ತುಂಡು ಹಿಡಿಯಿರಿ. ಅಪರ್ಚರ್ ಪೂರ್ತಿ ತೆರೆದು, ಮಬ್ಬು ಕೋಣೆಯಲ್ಲಿ, ಫ್ಲಾಶ್ ಬೀಳುವ ಬಿಳಿ ಗೋಡೆಗೆ ಕ್ಯಾಮೆರಾ ತಿರುಗಿಸಿ ಒತ್ತಿ. ಪೇಪರ್ ಮೇಲೆ ಇಡೀ ಚೌಕ ಮಿಂಚಿದರೆ ಸರಿ. ಅರ್ಧವೇ ಮಿಂಚಿದರೆ ಶಟರ್ ವೇಗ ಜಾಸ್ತಿಯಾಗಿದೆ. ಫ್ಲಾಶ್ ಹೊಡೆದೂ ಏನೂ ಕಾಣದಿದ್ದರೆ ಸನ್ನೆ ಎಂ ಕಡೆ ಇದೆಯಾ ನೋಡಿ.

ಎಕ್ಸ್‌ಪೋಷರ್‌ಗೆ ಫ್ಲಾಶ್ ಮೀಟರ್ ಇದ್ದರೆ ಚೆನ್ನ. ಬರಿಯ ಚಿಕ್ಕ ಫ್ಲಾಶ್ ಆದರೆ ಗೈಡ್ ನಂಬರನ್ನು (ಫ್ಲಾಶಿನ ಬಲ ಹೇಳುವ ಅಂಕಿ) ಫ್ಲಾಶಿನಿಂದ ಮುಖಕ್ಕಿರುವ ದೂರದಿಂದ ಭಾಗಿಸಿ: ಐಎಸ್‌ಒ 100ಕ್ಕೆ ಗೈಡ್ ನಂಬರ್ 32, ದೂರ 4 ಮೀಟರ್, ಅಪರ್ಚರ್ ಎಫ್/8. ಛತ್ರಿ, ಸಾಫ್ಟ್‌ಬಾಕ್ಸ್ ಹಾಕಿದರೆ ಈ ಲೆಕ್ಕ ನಡೆಯುವುದಿಲ್ಲ.

ದುಡ್ಡು ತೀರಾ ಕಡಿಮೆ, ಕ್ಯಾಮೆರಾ ಟ್ರೈಪಾಡ್ ಮೇಲೇ ಕೂತಿರುತ್ತದೆ ಅನ್ನುವವರು ವೈರ್ ತಗೊಳ್ಳಿ, ರಬ್ಬರ್ ಬ್ಯಾಂಡ್ ಜೊತೆಗೆ. ನಿಮ್ಮ ಲೈಟಿನಲ್ಲಿ ಸ್ಲೇವ್ ಕಣ್ಣು ಇದ್ದು ಒಳಗಡೆಯೇ ತೆಗೆಯುವುದಾದರೆ, ಸದ್ಯಕ್ಕೆ ಏನೂ ಕೊಳ್ಳದೆ ಅದನ್ನೇ ಬಳಸಿ. ನನ್ನ ಹಾಗೆ ಒಬ್ಬರೇ ಓಡಾಡಿಕೊಂಡು ತೆಗೆಯುವವರಿಗೆ ಸಾದಾ ಟ್ರಿಗರ್ ಜೋಡಿ. ಎರಡನೇ ಲೈಟಿಗೆ ಇನ್ನೊಂದು ರಿಸೀವರ್ ಬೇಕಿಲ್ಲ. ಮೊದಲನೆಯದನ್ನು ರೇಡಿಯೋ ಹೊಡೆಸುತ್ತದೆ, ಎರಡನೆಯದು ಅದನ್ನು ನೋಡಿ ಸ್ಲೇವಿನಲ್ಲಿ ಹೊಡೆಯುತ್ತದೆ. ನನ್ನ ಮನೆಯಲ್ಲಿ ಈಗ ಇದೇ ವ್ಯವಸ್ಥೆ. ಉದ್ದನೆಯ ಪಿಸಿ ವೈರನ್ನು ಟ್ರಿಗರಿನ ಬ್ಯಾಟರಿ ಮುಗಿದಾಗ ಬೇಕಾಗಬಹುದು ಅಂತ ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿದ್ದೇನೆ.