ಫ್ಲ್ಯಾಶ್ ಕೆಟ್ಟು ಸತ್ತ ಲ್ಯಾಪ್‌ಟಾಪ್: ಪೆನ್‌ಡ್ರೈವ್, ಕಪ್ಪು ಬೋರ್ಡು, ರಾಸ್ಪ್‌ಬೆರಿ ಪೈ, ಅಂಗಡಿ

ಕಕ್ಕಡದ ಮಳೆಗಾಲದಲ್ಲಿ ಬಯಾಸ್, ಅಂದರೆ ಲ್ಯಾಪ್‌ಟಾಪನ್ನು ಎಬ್ಬಿಸುವ ಮೂಲ ತಂತ್ರಾಂಶ, ಅದನ್ನು ಅಪ್‌ಡೇಟ್ ಮಾಡಬಾರದಿತ್ತು. ಮಾಡಿದೆ. ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಕರೆಂಟಿನ ಲೈನು ತೋಟದ ಮೇಲೆ ಹಾದು ಬರುತ್ತದೆ. ಸಿಲ್ವರ್ ಮರದ ಒಂದು ಕೊಂಬೆ ಬಿದ್ದರೆ ಸಾಕು, ಅವತ್ತಿನ ಕತೆ ಮುಗಿಯಿತು. ಬ್ಯಾಟರಿ 62 ಪರ್ಸೆಂಟ್ ತೋರಿಸುತ್ತಿತ್ತು, ಅದನ್ನೇ ನಂಬಿದೆ. ಆದರೆ ಆರು ವರ್ಷದ ಹಳೆ ಬ್ಯಾಟರಿ ಅದು. ಅಪ್‌ಡೇಟ್ ಅರ್ಧ ಆಗುವಾಗ ಕರೆಂಟ್ ಹೋಯಿತು, ಅದರ ಹಿಂದೆಯೇ ಬ್ಯಾಟರಿಯೂ ಕೂತಿತು. ಆಮೇಲೆ ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಪರದೆ ಮಾತ್ರ ಕಪ್ಪು.

ಅದರಲ್ಲಿ ಐದು ವರ್ಷದ ಕಾಫಿ ಕೊಯ್ಲಿನ ಲೆಕ್ಕ ಇತ್ತು. ಆಳುಗಳ ಸಂಬಳ, ಮೂಟೆಗಳ ತೂಕ, ಎಲ್ಲ. ನಿಮಗೂ ಹೀಗಾಗಿದ್ದರೆ ಮೊದಲು ಒಂದು ಸಮಾಧಾನದ ಮಾತು. ಬಯಾಸ್ ಇರುವುದು ಮದರ್‌ಬೋರ್ಡಿನ ಮೇಲಿನ ಎಂಟು ಕಾಲಿನ ಸಣ್ಣ ಚಿಪ್ಪಿನಲ್ಲಿ. ನಿಮ್ಮ ಫೈಲುಗಳಿರುವ ಡಿಸ್ಕ್ ಬೇರೆಯೇ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬಿಚ್ಚಿ ಯುಎಸ್‌ಬಿ ಡಬ್ಬಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಬೇಕು. ಹೆಚ್ಚಿನವರಿಗೆ ಅದು ಅವರ ಮೈಕ್ರೋಸಾಫ್ಟ್ ಖಾತೆಯಲ್ಲೇ ಸಿಗುತ್ತದೆ. ಮೊದಲು ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಚಿಪ್ಪಿಗೆ ಕೈ ಹಾಕಿದ ಮೇಲೆ ಅದು ಬೇಕಾಗುವುದು ಜಾಸ್ತಿ.

ಖರ್ಚಿಲ್ಲದ ದಾರಿ ಪೆನ್‌ಡ್ರೈವ್. ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವುದು ಬಯಾಸಿನೊಳಗಿನ ಒಂದು ಚಿಕ್ಕ ಭಾಗ. ಅದಕ್ಕೆ ಬೂಟ್ ಬ್ಲಾಕ್ ಅಂತಾರೆ. ಸಾಮಾನ್ಯವಾಗಿ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಅದು ಉಳಿದಿದ್ದರೆ ಪೆನ್‌ಡ್ರೈವಿನಿಂದ ಉಳಿದದ್ದನ್ನು ಮತ್ತೆ ಬರೆಸಬಹುದು. ಎಚ್‌ಪಿಯ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಕೀ ಮತ್ತು ಬಿ ಒಟ್ಟಿಗೆ ಒತ್ತಿ ಹಿಡಿದು, ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಿ ಬಿಡಬೇಕು. ಡೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿ ಹಿಡಿದು ಚಾರ್ಜರ್ ಚುಚ್ಚಬೇಕು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಫಾರ್ಮ್ಯಾಟಿನಲ್ಲಿರಬೇಕು. ಅದರಲ್ಲಿ ಹಾಕುವ ಬಯಾಸ್ ಫೈಲಿನ ಹೆಸರು ಆ ಕಂಪನಿ ಹೇಳಿದ ಹಾಗೆಯೇ ಇರಬೇಕು, ಒಂದು ಅಕ್ಷರ ತಪ್ಪಿದರೂ ಅದು ತಿರುಗಿ ನೋಡುವುದಿಲ್ಲ.

ನಾನು ಮೊದಲ ದಿನ 64 ಜಿಬಿಯ ಪೆನ್‌ಡ್ರೈವ್ ಹಾಕಿ ಒಂದು ಸಂಜೆ ಕಳೆದೆ. ಅದು ಎಕ್ಸ್‌ಫ್ಯಾಟ್‌ನಲ್ಲಿತ್ತು. ಮರುದಿನ ಹಳೆಯ 8 ಜಿಬಿಯದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಹಾಕಿದೆ. ಪೆನ್‌ಡ್ರೈವಿನ ದೀಪ ಕೂಡ ಮಿನುಗಲಿಲ್ಲ. ಯುಎಸ್‌ಬಿಯ ಮೂರೂ ಕಿಂಡಿ ನೋಡಿದೆ, ಬೇರೆ ಬೇರೆ ಕೀ ಒತ್ತಿದೆ, ಎರಡು ಸಲ ಬ್ಯಾಟರಿ ಬಿಚ್ಚಿ ಹಾಕಿದೆ. ಏನೂ ಇಲ್ಲ. ಬೂಟ್ ಬ್ಲಾಕೇ ಹೋಗಿದ್ದರೆ ಕೀ ಒತ್ತಿದ್ದನ್ನು ಕೇಳಿಸಿಕೊಳ್ಳಲು ಒಳಗೆ ಯಾರೂ ಇರುವುದಿಲ್ಲ, ಅಲ್ವಾ? ಆದರೆ ಇದೇ ಪೆನ್‌ಡ್ರೈವಿನಲ್ಲಿ ಪಕ್ಕದ ಮನೆಯ ಟೀಚರ್ ಅವರ ಲ್ಯಾಪ್‌ಟಾಪನ್ನು ಹೋದ ವರ್ಷ ಕಾಲು ಗಂಟೆಯಲ್ಲಿ ಎಬ್ಬಿಸಿದ್ದೆ. ಹಾಗಾಗಿ ಈ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ದಿನ ಕೊಟ್ಟು ನೋಡಿ. ಎರಡನೇ ದಿನ ಕೊಡಬೇಡಿ.

ಆಮೇಲೆ ತರಿಸಿದ್ದು ಸಿಎಚ್341ಎ ಅನ್ನುವ ಕಪ್ಪು ಬೋರ್ಡು, ಜೊತೆಗೆ ಎಂಟು ಕಾಲನ್ನು ಕಚ್ಚಿ ಹಿಡಿಯುವ ಕ್ಲಿಪ್ಪು. ಎರಡೂ ಸೇರಿ ಐನೂರು ರೂಪಾಯಿಯ ಒಳಗೆ. ಮಳೆಯಲ್ಲಿ ಪಾರ್ಸೆಲ್ ನಮ್ಮೂರಿಗೆ ಬರಲು ಎಂಟು ದಿನ ಹಿಡಿಯಿತು. ಇದು ಪ್ರೊಸೆಸರನ್ನು ಕೇಳದೆ ನೇರವಾಗಿ ಚಿಪ್ಪನ್ನೇ ಓದಿ ಬರೆಯುತ್ತದೆ. ಆದ್ದರಿಂದ ಬೂಟ್ ಬ್ಲಾಕ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ಇದರ ಬಗ್ಗೆ ಎಲ್ಲರೂ ಬೆಲೆಯನ್ನು ಹೊಗಳುತ್ತಾರೆ. ಅಪಾಯವನ್ನು ಹೇಳುವವರು ಕಮ್ಮಿ. ಈ ಕಪ್ಪು ಬೋರ್ಡು ಚಿಪ್ಪಿಗೆ ಕರೆಂಟ್ ಕೊಡುವುದು 3.3 ವೋಲ್ಟಿನಲ್ಲಿ ಸರಿ. ಆದರೆ ಡೇಟಾ ಹೋಗುವ ಕಾಲುಗಳಲ್ಲಿ 5 ವೋಲ್ಟ್ ಬರುತ್ತದೆ, ಯಾಕೆಂದರೆ ಸಿಎಚ್341ಎ ಚಿಪ್ಪೇ 5 ವೋಲ್ಟಿನಲ್ಲಿ ಓಡುತ್ತಿರುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದೆ, ನನ್ನದರಲ್ಲೂ ಹಾಗೇ ಇತ್ತು. ಆ 5 ವೋಲ್ಟ್ ಹೋಗುವುದು ಬಯಾಸ್ ಚಿಪ್ಪಿಗೆ ಮಾತ್ರ ಅಲ್ಲ, ಅದೇ ಗೆರೆಗೆ ಸೇರಿದ, ಮದರ್‌ಬೋರ್ಡಿನ ಮುಖ್ಯ ಚಿಪ್ಪಾದ ಚಿಪ್‌ಸೆಟ್‌ಗೂ. ಎಷ್ಟೋ ಜನರಿಗೆ ಏನೂ ಆಗಿಲ್ಲ ಅನ್ನುವುದು ನಿಜ. ಆದರೂ ಒಂದೇ ಲ್ಯಾಪ್‌ಟಾಪ್ ಇರುವವರು ಅದನ್ನು ಪಣಕ್ಕೆ ಇಡಬೇಕೇ? ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಬೋರ್ಡುಗಳೂ ಸಿಗುತ್ತವೆ. ಸ್ವಲ್ಪ ಜಾಸ್ತಿ ಕೊಟ್ಟರೂ ಅವನ್ನೇ ತೆಗೆದುಕೊಳ್ಳಿ. ನಾನು ತಿಳಿಯದೆ ಕಪ್ಪನ್ನು ತರಿಸಿದ್ದೆ.

ಓದಿಸುವ ಪ್ರಯತ್ನ ಮಾತ್ರ ಮಾಡಿದೆ. ಬ್ಯಾಟರಿಯನ್ನೂ ಗಡಿಯಾರದ ಸಣ್ಣ ಸೆಲ್ಲನ್ನೂ ಬಿಚ್ಚಿದೆ. ಚಿಪ್ಪಿನ ಮೂಲೆಯ ಚುಕ್ಕಿ ಒಂದನೇ ಕಾಲು, ಕ್ಲಿಪ್ಪಿನ ಕೆಂಪು ವೈರ್ ಆ ಕಡೆಗೇ ಬರಬೇಕು. ಲಿನಕ್ಸಿನಲ್ಲಿ ಫ್ಲ್ಯಾಶ್‌ರಾಮ್ ಅನ್ನುವ, ಚಿಪ್ಪು ಓದಿ ಬರೆಯುವ ತಂತ್ರಾಂಶ ಓಡಿಸಿದೆ. ಮೊದಲ ಸಲ ಚಿಪ್ಪೇ ಸಿಗಲಿಲ್ಲ ಅಂದಿತು. ಎರಡನೇ ಸಲ ಸಿಕ್ಕಿತು, ಓದಿತು. ಮೂರು ಸಲ ಓದಿಸಿ ಹೋಲಿಸಿದರೆ ಮೂರೂ ಬೇರೆ ಬೇರೆ. ಒಂದೇ ಚಿಪ್ಪನ್ನು ಓದಿದ ಮೂರು ಫೈಲುಗಳು ಒಂದಕ್ಕೊಂದು ಹೋಲದಿದ್ದರೆ ಯಾವುದನ್ನೂ ನಂಬುವ ಹಾಗಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಚಿಪ್ಪಿನ ಕಾಲುಗಳ ಮೇಲೂ ಮಬ್ಬು ಪದರ ಕೂತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ. ಆಗ ಎರಡು ಫೈಲು ಹೊಂದಿದವು, ಮೂರನೆಯದು ಇಲ್ಲ. ಅಲ್ಲಿಗೆ ನಿಲ್ಲಿಸಿದೆ.

ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ವಾರದ ಕೊನೆಗೆ ಬಂದಾಗ ಅವನ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಒಂದೇ ಬೋರ್ಡಿನ ಕಂಪ್ಯೂಟರ್ ತಂದ. ಕ್ಲಿಪ್ಪು ಅದೇ, ಬೋರ್ಡು ಮಾತ್ರ ಬೇರೆ. ಪೈನ ಡೇಟಾ ಪಿನ್ನುಗಳು 3.3 ವೋಲ್ಟಿನವೇ, ಅವುಗಳಲ್ಲಿ 5 ವೋಲ್ಟಿನ ಭಯ ಇಲ್ಲ. 17ನೇ ಪಿನ್ನಿನಿಂದ ಕರೆಂಟ್, 25ರಿಂದ ಗ್ರೌಂಡ್, 19, 21, 23, 24 ಡೇಟಾಕ್ಕೆ. ಅದೇ ಪಿನ್ನುಗಳ ಸಾಲಿನಲ್ಲಿ 5 ವೋಲ್ಟಿನವೂ ಇವೆ, ಎಣಿಸುವಾಗ ತಪ್ಪಬಾರದು. ನನ್ನ ಜಂಪರ್ ವೈರುಗಳು ಒಂದು ಗೇಣಿಗಿಂತ ಉದ್ದ ಇದ್ದವು. ಅವನು ನೋಡಿದ ಕೂಡಲೇ, "ಮಾವ, ಇಷ್ಟುದ್ದ ವೈರಲ್ಲಿ ಸಿಗ್ನಲ್ ನಿಲ್ಲಲ್ಲ, ಗಿಡ್ಡದು ಹಾಕಿ" ಅಂದ. ಗಿಡ್ಡದು ಹಾಕಿದೆವು. ಪೈನಲ್ಲಿ ಓದುವ ವೇಗವನ್ನು ನಾವೇ ಇಳಿಸಬಹುದು, 512 ಕಿಲೋಹರ್ಟ್ಸ್‌ಗೆ ಇಳಿಸಿದ. ನಿಧಾನ ಆಯಿತು, ಆದರೆ ಮೂರು ಸಲ ಓದಿದ ಮೂರೂ ಫೈಲು ಒಂದೇ. 8 ಎಂಬಿ ಚಿಪ್ಪು, ಫೈಲೂ ಕರಾರುವಾಕ್ಕಾಗಿ 83,88,608 ಬೈಟ್. ಆ ರಾತ್ರಿ ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ.

ಯಾಕೆ ಈ ಹಳೆಯ, ಕೆಟ್ಟ ಫೈಲಿಗಾಗಿ ಇಷ್ಟು ಒದ್ದಾಟ ಅಂತ ಕೇಳಬಹುದು. ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳುವ ಅಪ್‌ಡೇಟ್ ಫೈಲು ಇಡೀ ಚಿಪ್ಪಿನ ಪ್ರತಿ ಅಲ್ಲ. ಇಂಟೆಲ್ ಲ್ಯಾಪ್‌ಟಾಪಿನ ಚಿಪ್ಪಿನಲ್ಲಿ ಬಯಾಸ್ ಒಂದು ಭಾಗ ಅಷ್ಟೇ. ಮೊದಲಿಗೆ ಚಿಪ್ಪನ್ನು ಹೇಗೆ ಹಂಚಲಾಗಿದೆ ಎಂದು ಹೇಳುವ ಡಿಸ್ಕ್ರಿಪ್ಟರ್ ಇರುತ್ತದೆ, ಆಮೇಲೆ ಎಂಇ ಅನ್ನುವ ಇಂಟೆಲ್‌ನ ಸ್ವಂತ ಫರ್ಮ್‌ವೇರ್. ಎಂಇ ಕೆಟ್ಟರೆ ಕೆಲವು ಯಂತ್ರಗಳು ಅರ್ಧ ಗಂಟೆಗೆ ಸರಿಯಾಗಿ ಆಫ್ ಆಗುತ್ತವೆ. ಬಯಾಸ್ ಭಾಗದ ಒಳಗೆ ನಿಮ್ಮ ಯಂತ್ರದ ಸೀರಿಯಲ್ ನಂಬರ್, ವಿಂಡೋಸಿನ ಕೀ ಇರುತ್ತವೆ. ಇವೆಲ್ಲ ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ಸೇರಿದ್ದು, ಇಂಟರ್ನೆಟ್ಟಿನಲ್ಲಿ ಎಲ್ಲೂ ಸಿಗುವುದಿಲ್ಲ. ಲ್ಯಾಪ್‌ಟಾಪಿನ ತಳದ ಸ್ಟಿಕರಿನಲ್ಲಿದ್ದ ಸೀರಿಯಲ್ ನಂಬರನ್ನು ಫೈಲಿನ ಬೈಟುಗಳನ್ನು ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನಮ್ಮ ಫೈಲು ತೆರೆದು ಹುಡುಕಿದೆ. ಸಿಕ್ಕಿತು. ಅಂದರೆ ಕರೆಂಟ್ ಹೋದಾಗ ಆ ಜಾಗದವರೆಗೆ ಅಳಿಸುವಿಕೆ ಬಂದಿರಲಿಲ್ಲ.

ಯುಇಎಫ್‌ಐ ಟೂಲ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ಎರಡೂ ಫೈಲು ತೆರೆದು, ಕಂಪನಿಯ ಫೈಲಿನಿಂದ ಬಯಾಸಿನ ಭಾಗ ತೆಗೆದು, ನಮ್ಮ ಹಳೆ ಫೈಲಿನಲ್ಲಿ ಕೆಟ್ಟಿದ್ದ ಜಾಗಕ್ಕೆ ಕೂರಿಸಿದೆವು. ಸೀರಿಯಲ್ ನಂಬರ್ ಇದ್ದ ತುಂಡನ್ನು ಹಾಗೇ ಬಿಟ್ಟೆವು. ಇದಕ್ಕೆ ಒಂದು ಇಡೀ ಭಾನುವಾರ ಹೋಯಿತು. ಬರೆಯುವುದು ಕೆಲವೇ ನಿಮಿಷದ ಕೆಲಸ, ಕೊನೆಗೆ ಫ್ಲ್ಯಾಶ್‌ರಾಮ್ ತಾನೇ ಓದಿ ಸರಿ ಇದೆ ಅಂದಿತು. ಈ ಸಲ ಪೈಗೆ ಇನ್ವರ್ಟರಿನಿಂದ ಕರೆಂಟ್ ಕೊಟ್ಟಿದ್ದೆ. ಕ್ಲಿಪ್ಪು ಬಿಚ್ಚಿ ಬಟನ್ ಒತ್ತಿದರೆ ಎರಡು ನಿಮಿಷ ಏನೂ ಬರಲಿಲ್ಲ. ಮೊದಲ ಸಲ ರ್‍ಯಾಮನ್ನು ಹೊಸದಾಗಿ ಗುರುತಿಸಿಕೊಳ್ಳಲು ಅದಕ್ಕೆ ಹೊತ್ತು ಬೇಕು, ಗಾಬರಿಯಿಂದ ಆಫ್ ಮಾಡಬೇಡಿ. ಆಮೇಲೆ ಪರದೆ ಬೆಳಗಿತು. ತಾರೀಕು ತಪ್ಪಿತ್ತು, ಬಿಟ್‌ಲಾಕರ್ ಕೀ ಕೇಳಿತು, ಕೊಟ್ಟೆ. ಲೆಕ್ಕ ಎಲ್ಲ ಇತ್ತು.

ಇನ್ನು ಅಂಗಡಿ. ಅಧಿಕೃತ ಸರ್ವಿಸ್‌ನಲ್ಲಿ ಕೇಳಿದ್ದೆ. ಮದರ್‌ಬೋರ್ಡ್ ಬದಲಿಸಬೇಕು ಅಂದರು, ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆಗೆ ಹತ್ತಿರ. ವಾರಂಟಿ ಇದ್ದರೆ ಕಣ್ಣು ಮುಚ್ಚಿ ಅಲ್ಲಿಗೇ ಕೊಡಿ, ಇಲ್ಲದಿದ್ದರೆ ಬೇಡ. ಚಿಪ್ ಲೆವೆಲ್ ರಿಪೇರಿಯವರು ಬೇರೆ. ಅವರು ಬಿಸಿ ಗಾಳಿಯಲ್ಲಿ ಚಿಪ್ಪನ್ನೇ ಬಿಡಿಸಿ, ಹೊರಗೆ ಬರೆದು ಮತ್ತೆ ಕೂರಿಸುತ್ತಾರೆ. ಕ್ಲಿಪ್ಪಿನ ರಗಳೆ ಇಲ್ಲ, ಕೈ ಪಳಗಿದವರಾದರೆ ಒಂದು ಗಂಟೆಯ ಕೆಲಸ. ಆದರೆ ದೊಡ್ಡಪ್ಪನ ಮಗನ ಲ್ಯಾಪ್‌ಟಾಪನ್ನು ಒಂದು ಕಡೆ ಕೊಟ್ಟಾಗ ಒಂಬತ್ತು ದಿನ ಇಟ್ಟುಕೊಂಡು, 2,500 ರೂಪಾಯಿ ತೆಗೆದುಕೊಂಡು, ಅದೇ ಮಾಡೆಲ್ಲಿನ ಬೇರೆ ಯಾರದೋ ಚಿಪ್ಪಿನ ಫೈಲು ಬರೆದು ಕೊಟ್ಟರು. ಓಡುತ್ತಿತ್ತು. ಆದರೆ ಸೀರಿಯಲ್ ನಂಬರ್ ಬೇರೆಯವರದ್ದು, ವಿಂಡೋಸ್ ಆಕ್ಟಿವೇಟ್ ಆಗುತ್ತಿರಲಿಲ್ಲ. ಹಳೆ ಫೈಲು ಎಲ್ಲಿ ಅಂತ ಕೇಳಿದರೆ ಓದಿಟ್ಟುಕೊಂಡೇ ಇರಲಿಲ್ಲ. ನನಗೆ ಇವತ್ತಿಗೂ ಬೇಜಾರಾಗುವುದು ಅದಕ್ಕೆ. ಐದು ನಿಮಿಷದ ಕೆಲಸ ಅದು.

ಹಾಗಂತ ಎಲ್ಲವನ್ನೂ ಮನೆಯಲ್ಲೇ ಮಾಡಲಾಗುವುದಿಲ್ಲ. ಹೋದ ತಿಂಗಳು ಟೀಚರ್ ಅವರ ಮಗ ಅವನ ತೆಳ್ಳಗಿನ ಹೊಸ ಲ್ಯಾಪ್‌ಟಾಪ್ ತಂದ, ಇದೇ ರೋಗ. ಪೆನ್‌ಡ್ರೈವ್ ಹಿಡಿಯಲಿಲ್ಲ. ಬಿಚ್ಚಿ, ಫೋನ್ ಕ್ಯಾಮೆರಾ ಜೂಮ್ ಮಾಡಿ ಚಿಪ್ಪಿನ ಹೆಸರು ಓದಿದೆ: ಡಬ್ಲ್ಯೂ25ಕ್ಯೂ64ಎಫ್‌ಡಬ್ಲ್ಯೂ. ನನ್ನದು ಎಫ್‌ವಿ ಇತ್ತು, ಅದು 3.3 ವೋಲ್ಟ್. ಎಫ್‌ಡಬ್ಲ್ಯೂ ಅಂದರೆ 1.8 ವೋಲ್ಟ್. ಕೊನೆಯ ಒಂದು ಅಕ್ಷರದಲ್ಲಿದೆ ವ್ಯತ್ಯಾಸ. ಪೈ ಕೊಡುವ 3.3 ವೋಲ್ಟಿಗೂ ಆ ಚಿಪ್ಪು ಸುಟ್ಟು ಹೋಗಬಹುದು. ಜೊತೆಗೆ ಆ ಚಿಪ್ಪಿಗೆ ಹೊರಗೆ ಚಾಚಿದ ಕಾಲುಗಳೇ ಇಲ್ಲ, ಕ್ಲಿಪ್ಪು ಕಚ್ಚುವುದಿಲ್ಲ. "ಅಣ್ಣಾ, ನೀವೇ ಒಂದ್ಸಲ ನೋಡಿ" ಅಂತ ತುಂಬ ಕೇಳಿಕೊಂಡ. ನಾನು ಒಪ್ಪಲಿಲ್ಲ. ಕುಶಾಲನಗರದಿಂದ ಬಸ್ಸಿನಲ್ಲಿ ಮೈಸೂರಿಗೆ ಕಳಿಸಿದೆ. ಲ್ಯಾಪ್‌ಟಾಪಿನ ಮೇಲೆ ಒಂದು ಚೀಟಿ ಅಂಟಿಸಿದ್ದೆ: ಬರೆಯುವ ಮೊದಲು ಹಳೆಯದನ್ನು ಓದಿ, ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಕೊಡಿ.

ನಾಲ್ಕನೇ ದಿನ ಅವನು ವಾಪಸ್ ತಂದ. ಪೆನ್‌ಡ್ರೈವಿನಲ್ಲಿ ಫೈಲು ಇತ್ತು. ತೆರೆದು ಸೀರಿಯಲ್ ನಂಬರ್ ಹುಡುಕಿದೆವು, ತಳದ ಸ್ಟಿಕರಿನದ್ದೇ ನಂಬರ್.