ಅಲಾರ್ಮ್ ನಿಂತಿತು ಅಂದ್ರೆ ಮಷಿನ್ ರಿಪೇರಿ ಆಯ್ತು ಅಂತಲ್ಲ

ಮನೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಚಿಕ್ಕ ಸಿಎನ್‌ಸಿ ಮಷಿನ್ ಇದೆಯಾ? ಅದರ ಕಂಟ್ರೋಲ್ ಬೋರ್ಡ್ ಜಿಆರ್‌ಬಿಎಲ್ ಅನ್ನೋ ಸಾಫ್ಟ್‌ವೇರ್ ಮೇಲೆ ಓಡುತ್ತಾ? ಹಾಗಿದ್ದರೆ ಸೆನ್ಸರ್ ತೊಂದರೆಗೆ ಯಾರಾದರೂ "ಬೋರ್ಡೇ ಹೋಗಿದೆ" ಅಂದಾಗ ಸುಮ್ನೆ ದುಡ್ಡು ಕೊಡಬೇಡಿ. ನನ್ನ ಬೋರ್ಡ್ ಹೋಗಿರಲೇ ಇಲ್ಲ.

ಕೆತ್ತನೆ ನಡೀತಿರುವಾಗ ಮಷಿನ್ ಇದ್ದಕ್ಕಿದ್ದಂತೆ ನಿಂತು ಅಲಾರ್ಮ್ 1 ತೋರಿಸುತ್ತಿತ್ತು. ಸ್ಪಿಂಡಲ್ (ಕೆತ್ತುವ ಬಿಟ್ ತಿರುಗಿಸುವ ಮೋಟಾರ್) ಹೊತ್ತ ಗಾಡಿ ತುದಿಗೆ ಹೋಗಿ, ಅಲ್ಲಿರುವ ಲಿಮಿಟ್ ಸ್ವಿಚ್ ಅನ್ನೋ ಸೆನ್ಸರ್ ಒತ್ತಿದೆ ಅಂತ ಅದರ ಅರ್ಥ. ಆದರೆ ಗಾಡಿ ತುದಿಯಿಂದ ಗೇಣುದ್ದ ದೂರ ಇರುತ್ತಿತ್ತು. ಈ ಅಲಾರ್ಮ್ ಬಂದ ಮೇಲೆ ಮಷಿನ್ ಹೇಳುವ ಪೊಸಿಷನ್ ನಂಬುವ ಹಾಗಿಲ್ಲ. ಮತ್ತೆ ಹೋಮ್ ಮಾಡಿಯೇ, ಅಂದರೆ ಗಾಡಿಯನ್ನು ತುದಿಯ ಸ್ವಿಚ್‌ವರೆಗೆ ಕಳಿಸಿ ತಾನೆಲ್ಲಿದ್ದೇನೆ ಅಂತ ಮಷಿನ್‌ಗೆ ಗೊತ್ತುಮಾಡಿಯೇ, ಶುರು ಮಾಡಬೇಕು.

ರಿಪೇರಿಯವರು ಬಂದರು. ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ನೋಡಿ, "ಸೆನ್ಸರ್ ಸರಿ ಇದೆ, ಬೋರ್ಡ್ ಹೋಗಿದೆ" ಅಂದರು. ಮೀಟರ್ ಹೊರಗೇ ತೆಗೆಯಲಿಲ್ಲ. ಹೊಸ ಬೋರ್ಡ್ ಹಾಕಿದ ಮೇಲೆ ಅಲಾರ್ಮ್ ನಿಜಕ್ಕೂ ನಿಂತಿತು. ಆದರೆ ಹೋಮ್ ಕೊಟ್ಟರೆ ಎರರ್ 5 ಅಂತ ಬರುತ್ತಿತ್ತು. ಕೇಳಿದ್ದಕ್ಕೆ, "ಹೋಮ್ ಯಾಕೆ ಸಾರ್, ಕೈಯಲ್ಲೇ ಝೀರೋ ಇಟ್ಕೊಳ್ಳಿ" ಅಂದರು.

ಆಮೇಲೆ ಒಂದು ಅಗಲವಾದ ಹಲಗೆ ಹಾಕಿದಾಗ ಗಾಡಿ ಸೀದಾ ಹೋಗಿ ತುದಿಗೆ ಗುದ್ದಿತು. ಗಾಡಿ ಓಡಿಸುವ ಮೋಟಾರ್ ಗರಗರ ಅಂತ ಹಲ್ಲು ಕಡಿಯೋಕೆ ಶುರು ಮಾಡಿತು. ಗಾಡಿ ನಿಂತರೂ ಬಿಟ್ ತಿರುಗ್ತಾನೇ ಇತ್ತು, ಒಂದೇ ಜಾಗದಲ್ಲಿ. ಕ್ಷಣದಲ್ಲಿ ಅಲ್ಲಿ ಮರ ಕಪ್ಪಾಗಿ ಹೊಗೆ ಬಂತು. ನಾನು ಪಕ್ಕದಲ್ಲೇ ಇದ್ದೆ, ಎಮರ್ಜೆನ್ಸಿ ಬಟನ್ ಒತ್ತಿದೆ. ಸುತ್ತ ಮರದ ಹೊಟ್ಟು ಬಿದ್ದಿರುವ ಕೋಣೆ ಅದು!

ಆಗ ಸೆಟ್ಟಿಂಗ್ಸ್ ತೆಗೆದು ನೋಡಿದೆ. ಕಮಾಂಡ್ ಜಾಗದಲ್ಲಿ $$ ಅಂತ ಕೊಟ್ಟರೆ ಪೂರ್ತಿ ಪಟ್ಟಿ ಬರುತ್ತದೆ. ಅದರಲ್ಲಿ $20 ಸಾಫ್ಟ್ ಲಿಮಿಟ್ (ಲೆಕ್ಕದಲ್ಲೇ ಗಡಿ ದಾಟದಂತೆ ತಡೆಯೋದು), $21 ಹಾರ್ಡ್ ಲಿಮಿಟ್ (ಸ್ವಿಚ್ ಒತ್ತಿದರೆ ನಿಲ್ಲಿಸೋದು), $22 ಹೋಮಿಂಗ್. ಮೂರೂ ಸೊನ್ನೆ, ಅಂದರೆ ಆಫ್. ಎರರ್ 5 ಬಂದದ್ದೂ ಹೋಮಿಂಗ್ ಆಫ್ ಇದ್ದದ್ದಕ್ಕೇ. ಮಾಮೂಲಿ ಜಿಆರ್‌ಬಿಎಲ್ ಹಾಕಿದ ಹೊಸ ಬೋರ್ಡ್‌ನಲ್ಲಿ ಅವು ಇರೋದೇ ಹಾಗೆ. ಅಂದರೆ ತೊಂದರೆ ಎಲ್ಲೂ ಹೋಗಿರಲಿಲ್ಲ, ಮಷಿನ್ ಸ್ವಿಚ್‌ನ ಮಾತು ಕೇಳೋದನ್ನೇ ಬಿಟ್ಟಿತ್ತು. ಅದನ್ನೇ ರಿಪೇರಿ ಅಂತ ಬಿಲ್ ಮಾಡಿದ್ದರು.

ನಿಜವಾದ ತೊಂದರೆ ಇದ್ದದ್ದು ವೈರ್‌ನಲ್ಲಿ. ನನ್ನ ಮಷಿನ್‌ನ ಸ್ವಿಚ್‌ಗಳು ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಥರದವು. ಒತ್ತದೇ ಇದ್ದಾಗ ಸರ್ಕ್ಯೂಟ್ ಕೂಡಿರುತ್ತದೆ, ಒತ್ತಿದರೆ ಬಿಡುತ್ತದೆ. ಹಾಗಾಗಿ ವೈರ್ ತುಂಡಾದರೂ ಬೋರ್ಡ್‌ಗೆ ಸ್ವಿಚ್ ಒತ್ತಿದ ಹಾಗೇ ಕಾಣುತ್ತದೆ. ಇದು ಒಳ್ಳೆಯದೇ. ಇದರ ಉಲ್ಟಾ ಇರುವ ಎನ್‌ಒ (ನಾರ್ಮಲಿ ಓಪನ್) ಆಗಿದ್ದರೆ ವೈರ್ ತುಂಡಾದದ್ದು ಗೊತ್ತೇ ಆಗಲ್ಲ, ಗಾಡಿ ಗುದ್ದಿದ ಮೇಲೇ ತಿಳಿಯೋದು.

ಹುಡುಕೋದು ಕಷ್ಟ ಏನಲ್ಲ. ಸ್ಪಿಂಡಲ್ ಆಫ್ ಮಾಡಿ ಗಾಡಿಯನ್ನು ಮಾತ್ರ ಓಡಿಸಿದೆ. ಆಗಲೂ ಸ್ಟೇಟಸ್‌ನಲ್ಲಿ ಎಕ್ಸ್ (ಎಡ-ಬಲ ದಿಕ್ಕಿನ) ಲಿಮಿಟ್ ಬಂದು ಹೋಗುತ್ತಿತ್ತು, ಅದೂ ಗಾಡಿ ಬಲಗಡೆಗೆ ಹೋದಾಗ ಮಾತ್ರ. ಸ್ಪಿಂಡಲ್ ಓಡುವಾಗ ಮಾತ್ರ ಬಂದಿದ್ದರೆ ನಾಯ್ಸ್ (ಸ್ಪಿಂಡಲ್‌ನಿಂದ ವೈರ್‌ಗೆ ನುಗ್ಗುವ ವಿದ್ಯುತ್ ಅಡಚಣೆ) ಮೇಲೆ ಅನುಮಾನ ಪಡಬಹುದಿತ್ತು. ಸ್ವಿಚ್ ವೈರನ್ನು ಸ್ಪಿಂಡಲ್ ಕೇಬಲ್ ಜೊತೆ ಕಟ್ಟಿದ್ದರೆ ಅದೂ ಆಗುತ್ತದೆ. ಆಮೇಲೆ ಪವರ್ ತೆಗೆದು, ಬೋರ್ಡ್ ಕಡೆಯ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ವೈರ್‌ನ ಎರಡೂ ಎಳೆಗೆ ಹಿಡಿದೆ. ಬೀಪ್ ಬಿಡದೆ ಬರುತ್ತಿತ್ತು. ಕೇಬಲ್ ಚೈನ್ (ಗಾಡಿ ಜೊತೆ ಓಡಾಡುವ, ವೈರ್‌ಗಳು ಹಾಯುವ ಸರಪಳಿ) ಮಡಚುವ ಜಾಗದಲ್ಲಿ ವೈರನ್ನು ಬಗ್ಗಿಸಿದ ಕೂಡಲೇ ಕಟ್. ನೆಟ್ಟಗೆ ಮಾಡಿದರೆ ಮತ್ತೆ ಬೀಪ್. ವೈರ್‌ನ ಮೇಲಿನ ಪ್ಲಾಸ್ಟಿಕ್‌ಗೆ ಒಂದು ಗೀರೂ ಇಲ್ಲ. ಸುಲಿದು ನೋಡಿದರೆ ಒಳಗೆ ತಾಮ್ರದ ಎಳೆಗಳು ಮುರಿದು ಚೂರಾಗಿದ್ದವು.

ಸಣ್ಣ ಎಳೆಗಳಿರುವ, ಚೆನ್ನಾಗಿ ಬಾಗುವ ವೈರ್ ಹಾಕಿದೆ. ಹಳೇ ಬೋರ್ಡನ್ನೇ ವಾಪಸ್ ಕೂರಿಸಿದೆ. ಈಗ ಹೋಮ್ ಆಗುತ್ತದೆ, ಲಿಮಿಟ್ ಕೆಲಸ ಮಾಡುತ್ತದೆ.

ನಿಮಗೂ ಇಂಥ ಪರಿಸ್ಥಿತಿ ಬಂದರೆ ರಿಪೇರಿಯವರು ಮುಟ್ಟುವ ಮುಂಚೆ $$ ಪಟ್ಟಿಯನ್ನು ಕಾಪಿ ಮಾಡಿಟ್ಟುಕೊಳ್ಳಿ, ಅವರು ಹೊರಡುವ ಮುಂಚೆ ಮತ್ತೊಮ್ಮೆ ತೆಗೆದು ಹೋಲಿಸಿ. ಬಿಟ್ ಬಿಚ್ಚಿ, ಸ್ಪಿಂಡಲ್ ಆಫ್ ಇಟ್ಟು, ಗಾಡಿ ಮೆಲ್ಲಗೆ ಓಡುವಾಗ ಅವರ ಕೈಯಿಂದಲೇ ಒಂದೊಂದು ಸ್ವಿಚ್ ಒತ್ತಿಸಿ. ಮಷಿನ್ ನಿಲ್ಲಲೇಬೇಕು. ಹಳೇ ಬೋರ್ಡನ್ನು ಯಾವ ಕಾರಣಕ್ಕೂ ಅವರ ಜೊತೆ ಕಳಿಸಬೇಡಿ. ನಾನು ಅದನ್ನು ಇಟ್ಟುಕೊಂಡಿದ್ದಕ್ಕೇ ಮತ್ತೆ ಹಾಕೋಕಾಯ್ತು. ಹೊಸ ಬೋರ್ಡ್ ವಾಪಸ್ ತಗೊಳ್ಳಿ ಅಂದರೆ, "ಒಮ್ಮೆ ಹಾಕಿದ್ದು ವಾಪಸ್ ಇಲ್ಲ ಸಾರ್" ಅಂತ ಫೋನ್ ಇಟ್ಟರು.