ಪಿಎನ್‌ಸಿ ಪಾರ್ಕ್, ಪಿಟ್ಸ್‌ಬರ್ಗ್: ಮೈದಾನಕ್ಕೆ ಪೂರ್ಣ ಅಂಕ, ತಂಡಕ್ಕೊಂದು ಕೋರಿಕೆ

ಊರಿನಿಂದ ಅಪ್ಪ, ಅಮ್ಮ ಬಂದರೆ ಪಿಟ್ಸ್‌ಬರ್ಗಿನ ಕನ್ನಡಿಗರು ಮೊದಲು ಕರೆದುಕೊಂಡು ಹೋಗುವುದು ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನಕ್ಕೆ. ಆಮೇಲೆ ಎಲ್ಲಿಗೆ ಎಂದು ಕೇಳುವವರಿಗೆ ನಾನು ಹಲವು ವರ್ಷಗಳಿಂದ ಕೊಡುತ್ತಿರುವ ಉತ್ತರ ಒಂದೇ: ಬೇಸಿಗೆಯಾದರೆ ಪಿಎನ್‌ಸಿ ಪಾರ್ಕಿಗೆ ಹೋಗಿ, ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಹೋಗಿ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಈ ಮೈದಾನದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. 2025ರ ಬೇಸಿಗೆಯಲ್ಲಿ ಮಗಳೊಂದಿಗೆ ತಂಡದ ಪಾಲ್ ಸ್ಕೀನ್ಸ್ ಅವರ ಪಿಚಿಂಗ್ (ಬ್ಯಾಟ್ ಹಿಡಿದವರತ್ತ ಚೆಂಡೆಸೆಯುವುದು) ನೋಡಿಬಂದ ಮೇಲೆ, ಮೈದಾನದ ಜೊತೆಗೆ ತಂಡದ ಬಗ್ಗೆಯೂ ಬರೆಯದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ ಎನ್ನಿಸಿತು.

ಅಲೆಘೆನಿ ನದಿಯ ದಡದಲ್ಲಿ 2001ರಲ್ಲಿ ತೆರೆದ ಈ ಮೈದಾನಕ್ಕೆ ಎರಡೇ ಅಂತಸ್ತು. ಎಲ್ಲಕ್ಕಿಂತ ಮೇಲಿನ ಸೀಟು ಕೂಡ ಆಟದ ನೆಲದಿಂದ 88 ಅಡಿ ದೂರದಲ್ಲಷ್ಟೇ ಇರುವುದರಿಂದ, ಅಗ್ಗದ ಟಿಕೆಟ್ಟಿನಲ್ಲಿ ಕೂತವರಿಗೂ ಚೆಂಡು ಬ್ಯಾಟಿಗೆ ತಗಲಿದ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಎದುರಿಗೆ ನದಿ, ನದಿಯಾಚೆ ನಗರದ ಎತ್ತರದ ಕಟ್ಟಡಗಳು, ಎರಡನ್ನೂ ಸೇರಿಸುವ ಹಳದಿ ಬಣ್ಣದ ರಾಬರ್ಟೊ ಕ್ಲೆಮೆಂಟೆ ಸೇತುವೆ. ಪಂದ್ಯದ ದಿನ ಸೇತುವೆಯ ಮೇಲೆ ವಾಹನ ಬಿಡುವುದಿಲ್ಲ. ಸಾವಿರಾರು ಜನ ಮಕ್ಕಳ ಕೈ ಹಿಡಿದುಕೊಂಡು ನಡೆದು ಬರುತ್ತಾರೆ, ನೀವೂ ಹಾಗೆಯೇ ಬನ್ನಿ. ನಡೆಯಲಾಗದ ಹಿರಿಯರಿದ್ದರೆ ನಗರದ ಮಧ್ಯದಿಂದ ನದಿಯ ಕೆಳಗೆ ಹಾದು ಬರುವ ರೈಲಿದೆ, ಅಷ್ಟು ದೂರಕ್ಕೆ ಟಿಕೆಟ್ ಬೇಕಿಲ್ಲ. ಸೀಟನ್ನು ಮೂರನೇ ಬೇಸಿನ ಕಡೆ (ಬ್ಯಾಟ್ ಮಾಡುವ ಜಾಗದಿಂದ ಮೈದಾನ ನೋಡಿದರೆ ಎಡಕ್ಕೆ) ತೆಗೆದುಕೊಳ್ಳುವುದು ಒಳ್ಳೆಯದು: ಸಂಜೆ ನೆರಳು ಬೇಗ ಬರುತ್ತದೆ, ನಗರವೂ ಕಣ್ಣೆದುರಿಗೇ ಇರುತ್ತದೆ. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಆಲೂಗಡ್ಡೆ ತುಂಬಿದ ಪಿಯರೋಗಿ ತಿನ್ನಬಹುದು, ಅದು ನಮ್ಮ ಕಡುಬಿಗೆ ದೂರದ ನೆಂಟ. ನಾವು ಮನೆಯಿಂದ ಡಬ್ಬಿಯಲ್ಲಿ ಪುಳಿಯೋಗರೆ ತೆಗೆದುಕೊಂಡು ಹೋಗಿದ್ದೆವು. ಬಾಗಿಲಲ್ಲಿ ನೋಡಿ ಒಳಗೆ ಬಿಟ್ಟರು.

ಈ ಮೈದಾನದಲ್ಲಿ ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುವುದು ಬಲಗಡೆಯ ಬೌಂಡರಿ ಗೋಡೆ. ಅದರ ಎತ್ತರ 21 ಅಡಿ. ಕ್ಲೆಮೆಂಟೆ ಅವರ ಅಂಗಿಯ ಸಂಖ್ಯೆ 21 ಆಗಿದ್ದುದರಿಂದ ಅಷ್ಟೇ ಎತ್ತರಕ್ಕೆ ಕಟ್ಟಿದ್ದಾರೆ. ಪೋರ್ಟೊ ರಿಕೊದಿಂದ ಬಂದ ಆ ಆಟಗಾರ 1955ರಿಂದ 1972ರವರೆಗೆ 18 ಸೀಸನ್‌ಗಳನ್ನು ಇದೊಂದೇ ತಂಡಕ್ಕೆ ಆಡಿ, ಸರಿಯಾಗಿ 3,000 ಹಿಟ್‌ಗಳನ್ನು (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು) ಗಳಿಸಿ, ಅದೇ ವರ್ಷದ ಕೊನೆಯ ದಿನ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಹೊರಗೆ ಅವರ ಪ್ರತಿಮೆಯಿದೆ. 21 ಸೀಸನ್ ಇಲ್ಲೇ ಆಡಿದ ವಿಲ್ಲಿ ಸ್ಟಾರ್ಜೆಲ್ ಅವರದೂ ಇದೆ, ಬೇರೆ ತಂಡದ ಅಂಗಿಯನ್ನೇ ತೊಡದ ಬಿಲ್ ಮ್ಯಾಜರೊಸ್ಕಿ ಅವರದೂ ಇದೆ. ಒಂದೇ ಊರಿಗೆ ಬದುಕು ಕೊಟ್ಟವರನ್ನು ಈ ಊರು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ಮಗಳಿಗೆ ತೋರಿಸಲು ನಾನು ಮೈದಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿದೆ. 2008ರಿಂದ ಒಂದೇ ತಂಡದಲ್ಲಿ ಉಳಿದು 2025ರಲ್ಲಿ, ತಮ್ಮ 18ನೆಯ ಸೀಸನ್ನಿನಲ್ಲಿ, ಆರ್‌ಸಿಬಿ ಪರ ಕಪ್ ಎತ್ತಿದ ಕೊಹ್ಲಿಯವರನ್ನು ನೋಡಿ ಕಣ್ಣೀರು ಹಾಕಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಈಚಿನ ಚರಿತ್ರೆ ಬೇರೆ. 1992ರ ಸೀಸನ್ ಮುಗಿದ ಮೇಲೆ ತಂಡದ ತಾರೆ ಬ್ಯಾರಿ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಹೋದರು. ಮರುವರ್ಷದಿಂದ 2012ರವರೆಗೆ ಸತತ 20 ವರ್ಷ ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚು. 2013ರಿಂದ ಮೂರು ವರ್ಷ ಪ್ಲೇಆಫ್ ಕಂಡ ತಂಡವನ್ನು ಮುನ್ನಡೆಸಿದ ಆಂಡ್ರ್ಯೂ ಮೆಕಚನ್ ಮತ್ತು ಪಿಚರ್ ಗೆರಿಟ್ ಕೋಲ್ ಇಬ್ಬರನ್ನೂ 2018ರ ಜನವರಿಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ತಂಡವೇ ಬೇರೆಯವರಿಗೆ ಕೊಟ್ಟುಬಿಟ್ಟಿತು. ಇಲ್ಲಿ ಬಿಟ್ಟುಹೋದವರು ಯಾರು, ಕಳಿಸಿದವರು ಯಾರು ಎಂಬುದನ್ನು ಅಭಿಮಾನಿಗಳು ಬೇರೆ ಬೇರೆಯಾಗಿ ನೋಡಬೇಕು. ಮೆಕಚನ್ 2023ರಲ್ಲಿ ತಾವಾಗಿಯೇ ಮರಳಿ ಬಂದು, ಇದೇ ಮೈದಾನದಲ್ಲಿ ತಮ್ಮ 2,000ನೆಯ ಹಿಟ್ ಹೊಡೆದರು. ನಿಷ್ಠೆಯ ಕೊರತೆ ಆಟಗಾರರಲ್ಲಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಬೇಸ್‌ಬಾಲಿನ ವ್ಯವಸ್ಥೆಯೇ ಹೀಗಿದೆ. ಬೇಸ್‌ಬಾಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗಿನಲ್ಲಿ ಆರು ವರ್ಷ ಪೂರ್ತಿ ಆಡುವತನಕ ಆಟಗಾರ ತಂಡದ ಹಿಡಿತದಲ್ಲಿರುತ್ತಾರೆ, ಆಮೇಲೆ ಸ್ವತಂತ್ರರು. ತಂಡಗಳು ಸಂಬಳಕ್ಕೆ ಖರ್ಚು ಮಾಡುವ ಹಣಕ್ಕೆ ಕಟ್ಟುನಿಟ್ಟಿನ ಮೇಲ್ಮಿತಿ ಇಲ್ಲದ್ದರಿಂದ ಸ್ವತಂತ್ರರಾದವರನ್ನು ಶ್ರೀಮಂತ ನಗರಗಳು ಎತ್ತಿಕೊಳ್ಳುತ್ತವೆ. ಕೋಲ್ ಕೊನೆಗೆ ನ್ಯೂಯಾರ್ಕ್ ಯಾಂಕೀಸ್ ಸೇರಿದ್ದು ಒಂಬತ್ತು ವರ್ಷಕ್ಕೆ 32.4 ಕೋಟಿ ಡಾಲರಿಗೆ. ಪೈರೇಟ್ಸ್ ಸಂಬಳಕ್ಕೆ ತೆಗೆದಿಡುವ ಹಣ ವರ್ಷ ವರ್ಷವೂ ಲೀಗಿನಲ್ಲಿ ಕೆಳಗಿನ ಸಾಲಿನಲ್ಲಿರುತ್ತದೆ. ಆದರೂ ಮನಸ್ಸು ಮಾಡಿದರೆ ಆಗುತ್ತದೆ. ತನ್ನನ್ನು ಬೇರೆ ತಂಡಕ್ಕೆ ಕಳಿಸಿ ಎಂದು 2022ರ ಕೊನೆಯಲ್ಲಿ ಕೇಳಿದ್ದ ಬ್ರಯನ್ ರೆನಾಲ್ಡ್ಸ್, ಕೆಲವೇ ತಿಂಗಳಲ್ಲಿ ಎಂಟು ವರ್ಷಕ್ಕೆ 10 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದಕ್ಕೆ ಸಹಿ ಹಾಕಿ ಇಲ್ಲೇ ಉಳಿದರು. ಕ್ಲಬ್ಬು ಅದುವರೆಗೆ ಯಾರಿಗೂ ಅಷ್ಟು ಕೊಟ್ಟಿರಲಿಲ್ಲ.

ಈಗ ಎಲ್ಲರ ಕಣ್ಣು ಸ್ಕೀನ್ಸ್ ಅವರ ಮೇಲೆ. ನಾವು ಹೋದ ಸಂಜೆ ಮಗಳು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಅವರು ಬ್ಯಾಟರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್) ಮಾಡಿದಾಗಲೆಲ್ಲ ಒಂದೊಂದು 'ಕೆ' ಬರೆಯುತ್ತಿದ್ದಳು. ಬೇಸ್‌ಬಾಲಿನಲ್ಲಿ ಅದರ ಗುರುತು ಅದೇ. ಎರಡು ಸ್ಟ್ರೈಕ್ ಆದೊಡನೆ ಸುತ್ತಲಿನವರು ಎದ್ದು ನಿಲ್ಲುತ್ತಿದ್ದರು, ಪಕ್ಕದ ಅಜ್ಜ ಮೊಣಕಾಲು ಒತ್ತಿಕೊಂಡು ಏಳುತ್ತಿದ್ದರು, ಮಗಳು ಪೆನ್ಸಿಲ್ ಕಾಗದಕ್ಕೆ ಒತ್ತಿಹಿಡಿದೇ ಕಾಯುತ್ತಿದ್ದಳು. ಆ ಸೀಸನ್ನಿನಲ್ಲಿ ಅವರು ಫೀಲ್ಡಿಂಗ್ ತಪ್ಪಿನಿಂದ ಬಂದ ರನ್‌ಗಳನ್ನು ಲೆಕ್ಕಕ್ಕೆ ಹಿಡಿಯದೆ ಒಂಬತ್ತು ಇನಿಂಗ್ಸಿಗೆ ಸರಾಸರಿ 1.97 ರನ್ ಮಾತ್ರ ಬಿಟ್ಟುಕೊಟ್ಟು, ಅತ್ಯುತ್ತಮ ಪಿಚರಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ನ್ಯಾಷನಲ್ ಲೀಗಿನಲ್ಲಿ (ಮೇಜರ್ ಲೀಗಿನ ಎರಡು ವಿಭಾಗಗಳಲ್ಲೊಂದು) ಸರ್ವಾನುಮತದಿಂದ ಪಡೆದರು. ಅಂಥವರ ಹೆಸರಿನಲ್ಲಿ ದಾಖಲಾದದ್ದು ಹತ್ತು ಗೆಲುವು, ಹತ್ತು ಸೋಲು. ಬ್ಯಾಟ್ ಹಿಡಿದವರು ರನ್ ತಂದುಕೊಡದಿದ್ದರೆ ಎಂಥ ಪಿಚರಾದರೂ ಏನು ಮಾಡಿಯಾರು? ತಂಡ ಆ ವರ್ಷ 71 ಗೆದ್ದು 91 ಸೋತಿತು.

2029ರ ಸೀಸನ್ ಮುಗಿದ ಮೇಲೆ ಸ್ಕೀನ್ಸ್ ಸ್ವತಂತ್ರರಾಗಬಹುದು. ಅವರು ಇಲ್ಲೇ ಉಳಿಯಲಿ ಎಂಬುದು ನನ್ನ ಮನಃಪೂರ್ವಕ ಆಸೆ, ಆದರೆ ಆ ಹೊರೆಯನ್ನು ಅವರೊಬ್ಬರ ಹೆಗಲಿಗೆ ಹಾಕುವುದು ನ್ಯಾಯವಲ್ಲ. ತಂಡದವರು ಮೊದಲು ತಮ್ಮ ಕಡೆಯಿಂದ ತೋರಿಸಲಿ: ಕಾಲ ಮಿಂಚುವ ಮೊದಲೇ ದೊಡ್ಡ ಒಪ್ಪಂದ ಮುಂದಿಡಲಿ, ಅವರ ಬೆನ್ನಿಗೆ ನಾಲ್ಕು ಒಳ್ಳೆಯ ಬ್ಯಾಟರ್‌ಗಳನ್ನು ತರಲಿ. ಇಷ್ಟು ಮಾಡಿದ ಮೇಲೂ ಅವರು ಹೋದರೆ ನಾನು ದೂರುವುದಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿಯೇ ಕಳಿಸಿಕೊಡುತ್ತೇನೆ.

ಮೈದಾನಕ್ಕೆ ಐದರಲ್ಲಿ ಐದು. ತಂಡದ ಅಂಕವನ್ನು ಸದ್ಯಕ್ಕೆ ಬರೆಯದೆ ಬಿಟ್ಟಿದ್ದೇನೆ.

ಹೊರಡುವ ಮುಂಚೆ ಅಂಗಡಿಯಲ್ಲಿ ಮಗಳಿಗೊಂದು ಜೆರ್ಸಿ ತೆಗೆದುಕೊಳ್ಳಲು ನಿಂತೆವು. ಕ್ಲೆಮೆಂಟೆಯವರ 21 ತೆಗೆದುಕೋ ಪುಟ್ಟಿ, ಅದು ಎಂದೂ ಬದಲಾಗುವುದಿಲ್ಲ ಎಂದೆ. ಅವಳು ಎರಡನ್ನೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿ, ಸ್ಕೀನ್ಸ್ ಅವರ 30ನ್ನೇ ಆರಿಸಿದಳು. ಒಂದು ಅಳತೆ ದೊಡ್ಡದಿರಲಿ ಅಪ್ಪ, 2030ಕ್ಕೂ ಆಗಬೇಕು ಎಂದಳು. ದೊಡ್ಡದನ್ನೇ ಕೊಂಡೆವು.